ನಿಧಾನವಾದ ಡೋಲು

ರಜಬನಿಗೆ ವಯಸ್ಸಾಯಿತು ಎಂದು ಮುಖಕ್ಕೆ ಹೇಳುವ ಧೈರ್ಯ ಕಾಶಾನ್ ಊರಿನ ತಾಮ್ರಗಾರರ ಪೇಟೆಯಲ್ಲಿ ಯಾರಿಗೂ ಇರಲಿಲ್ಲ. ಆ ಕೆಲಸವನ್ನು ಹೆಂಡತಿ ಕೋಕಬ್ ದಿನಾ ತಪ್ಪದೆ ಮಾಡುತ್ತಿದ್ದಳು. ಬೆಳಗಿನ ನಮಾಜು ಮುಗಿದದ್ದೇ ತಡ, ರಜಬ್ ಬಾಗಿಲ ಚೌಕಟ್ಟು ಹಿಡಿದು ಬಸ್ಕಿಗೆ ಇಳಿಯುತ್ತಿದ್ದ. ಮಂಡಿ ಲಟಲಟ ಎನ್ನುತ್ತಿತ್ತು. ಆಮೇಲೆ ಗೋಡೆಗೆ ಎದುರಾಗಿ ನಿಂತು, ಬಲಗೈ ಬೆರಳುಗಳನ್ನು ಗೋಡೆಯ ಮೇಲೆ ಒಂದೊಂದೇ ಹತ್ತಿಸುತ್ತ ತೋಳು ಎತ್ತಬೇಕು. ಭುಜದ ಮಟ್ಟ ದಾಟುತ್ತಲೇ ಮುಖ ಕಿವುಚಿಕೊಳ್ಳುತ್ತಿತ್ತು.

“ಕತ್ತೆಗೂ ವಯಸ್ಸಾದ್ಮೇಲೆ ಹೊರೆ ಇಳಿಸ್ತಾರೆ. ನೀವು ನಿಮ್ಗೆ ನೀವೇ ಹೊರಿಸ್ಕೊಳ್ತೀರಲ್ಲ ಆಗಾ,” ಎನ್ನುತ್ತಲೇ ಕೋಕಬ್ ಬಾದಾಮಿ ಎಣ್ಣೆ ಬಿಸಿ ಮಾಡಿ ಭುಜಕ್ಕೆ ತಿಕ್ಕುತ್ತಿದ್ದಳು.

ಭುಜದ ನರ ಹಳೇ ಹಗ್ಗದ ಹಾಗೆ ಎಳೆಎಳೆ ಬಿಟ್ಟಿದೆ, ಇನ್ನು ಭಾರ ಮುಟ್ಟಬೇಡಿ ಎಂದು ಮೂಳೆ ಡಾಕ್ಟರು ಹೇಳಿ ವರ್ಷಗಳೇ ಆಗಿದ್ದವು. ಆ ಡಾಕ್ಟರು ಜನ್ಮದಲ್ಲಿ ಒಂದು ದಂಡ ಹೊಡೆದವನಲ್ಲ ಎಂಬುದು ರಜಬನ ತೀರ್ಮಾನ.

ಅವನ ಜೀವವೆಲ್ಲ ಇದ್ದದ್ದು ಗರಡಿಯಲ್ಲಿ. ಎಂಥ ಪೈಲ್ವಾನನೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕಾದ ಗಿಡ್ಡ ಬಾಗಿಲು, ಒಳಗೆ ಎಂಟು ಮೂಲೆಯ ತಗ್ಗು ಕಣ. ಆ ಕಣದ ನಡುವೆ ನಿಂತು ಎಲ್ಲರಿಂದ ಸಾಮು ಮಾಡಿಸುವವನು ರಜಬ್. ಎತ್ತರದ ಕಟ್ಟೆಯ ಮೇಲೆ ಕೂತು ಹಾಡುತ್ತ ಡೋಲು ಬಾರಿಸುವವನು, ಅಂದರೆ ಮೋರ್ಷೆದ್, ಅವನ ಹಳೇ ಗೆಳೆಯ ಸೈಫುಲ್ಲಾ. ರಜಬ್ ಕಾಲಿಟ್ಟಾಗ ಸೈಫುಲ್ಲಾ ಗಂಟೆ ಬಾರಿಸುತ್ತಿದ್ದ. ಆ ಮರ್ಯಾದೆ ಬಂದವರಿಗೆಲ್ಲ ಸಿಗುವಂಥದ್ದಲ್ಲ. ಡೋಲು ಓಡಿದಂತೆ ತೋಳು ಓಡಬೇಕು, ಹಿಂದೆ ಬಿದ್ದವನು ನಡುವೆ ನಿಲ್ಲುವಂತಿಲ್ಲ. ರಜಬನಿಗೆ ಸಾವಿಗಿಂತ ಹೆಚ್ಚಿನ ಭಯ ಅದೊಂದರದ್ದೇ. ನಡುವಿನ ಜಾಗ ಹೋದರೆ ತಾನು ಬರೀ ಒಬ್ಬ ನೋವಿನ ಮುದುಕ, ಅಷ್ಟೇ.

ಆದರೆ ಅವನು ಹಿಂದೆ ಬಿದ್ದೇ ಇರಲಿಲ್ಲ. ಓರಗೆಯವರು ಕೋಲು ಹಿಡಿದರು, ಕೆಲವರು ಮಣ್ಣಾದರು, ರಜಬ್ ಮಾತ್ರ ತಾಳ ತಪ್ಪದೆ ಎರಡು ಕೈಯಲ್ಲೂ ಒಂದೊಂದು ಗದೆ ತಿರುಗಿಸುತ್ತಲೇ ಇದ್ದ. ಚಹಾದಂಗಡಿಯಲ್ಲಿ ಆ ಜಂಬ ಕೊಚ್ಚುವುದನ್ನು ಅವನು ಒಂದು ದಿನವೂ ಬಿಡಲಿಲ್ಲ. ಹುಡುಗರು ಮಾತ್ರ ಇಲ್ಲಿ ಬೆವರೇ ಬರುವುದಿಲ್ಲ ಎಂದು ಕನ್ನಡಿ ಹಾಕಿದ ಜಿಮ್ಮುಗಳಿಗೆ ಹೋದರು. ಸೋಮಾರಿಗಳು ಎಂದು ರಜಬ್ ಬೈದ.

ಆ ಚಳಿಗಾಲ ಸೈಫುಲ್ಲಾ ಎದೆಗೆ ಕಫ ಕಟ್ಟಿ ಹಾಸಿಗೆ ಹಿಡಿದ. ಕಟ್ಟೆಯ ಮೇಲೆ ಅವನ ಅಳಿಯ ಪೇಮಾನ್ ಕೂತ. ಕುಮ್ ಊರಿನ ಗರಡಿಯಲ್ಲಿ ಕಲಿತವನು. ದಂಡದಲ್ಲಿ ಹೇಗೋ ನಡೆಯಿತು. ಗದೆ ಕೈಗೆ ಬಂದಾಗ ಡೋಲು ಮುಂದೆ, ರಜಬನ ತೋಳು ಹಿಂದೆ. ಇದೇನು ಹುಚ್ಚಾಟ ಎಂದು ಅವನು ತಲೆ ಎತ್ತಿ ಪೇಮಾನನನ್ನು ದುರುಗುಟ್ಟಿ ನೋಡಿದ. ಗರಡಿಯಲ್ಲಿ ನಡುವೆ ನಿಂತವನು ಕಟ್ಟೆಯತ್ತ ಮುಖ ಎತ್ತಿದರೆ ಅದಕ್ಕೆ ಒಂದೇ ಅರ್ಥ, ಇನ್ನೂ ಬೇಗ ಬಾರಿಸು ಎಂದು. ಸಿಟ್ಟಿನಲ್ಲಿ ಅದು ರಜಬನಿಗೇ ಮರೆತುಹೋಗಿತ್ತು. ಪೇಮಾನ್ ಪಾಪ, ಕೈ ಜೋರು ಮಾಡಿದ. ರಜಬನ ಬಲಗೈಯಿಂದ ಗದೆ ಜಾರಿ ಕಣದ ನೆಲಕ್ಕೆ ಬಿತ್ತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಬಟ್ಟೆ ಹಾಕಿಕೊಳ್ಳುವಾಗ ರಜಬ್ ಹಳಬನೊಬ್ಬನನ್ನು ಹಿಡಿದು, ಆ ಹುಡುಗನದ್ದು ಅತಿಯಾಯಿತಲ್ಲವೇ ಎಂದು ಕೇಳಿದ. ಅವನು ತನ್ನ ಚಪ್ಪಲಿ ನೋಡುತ್ತ, ಗರಡಿಯ ಮೊದಲಿನ ಓಟವೇ ಇದು, ಸೈಫುಲ್ಲಾ ವರ್ಷಗಳಿಂದ ನಿಧಾನಕ್ಕೆ ಬಾರಿಸುತ್ತಿದ್ದ, ಎಲ್ಲರಿಗೂ ಗೊತ್ತಿತ್ತು ಎಂದ.

ರಜಬನ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ತಾನು ಗೆದ್ದದ್ದು ವಯಸ್ಸನ್ನಲ್ಲ, ಗೆಳೆಯ ಹಾಕಿದ ಭಿಕ್ಷೆ ತಿಂದು ಮೆರೆದದ್ದು. ಅದೇ ಬಿಸಿಯಲ್ಲಿ ಸೈಫುಲ್ಲಾನ ಮನೆಗೆ ನಡೆದ.

ಸೈಫುಲ್ಲಾ ರಜಾಯಿ ಹೊದ್ದು ಒರಗಿದ್ದ. ಕೈಗಳು ರಜಾಯಿಯ ಮೇಲಿದ್ದವು. ಬೆರಳ ಗಂಟುಗಳೆಲ್ಲ ಶುಂಠಿಯ ಹಾಗೆ ಊದಿ ಸೊಟ್ಟಗಾಗಿದ್ದವು. ಕಣದಲ್ಲಿ ನಿಂತವನು ಕಟ್ಟೆಯ ಮೇಲಿನ ಬೆರಳನ್ನು ಎಲ್ಲಿ ನೋಡುತ್ತಾನೆ? ರಜಬ್ ಬಾಯಿ ತೆರೆಯುವ ಮೊದಲೇ ಸೈಫುಲ್ಲಾ ಮಾತಾಡಿದ.

“ಇಷ್ಟು ವರ್ಷ ನನ್ನ ಮಾನ ಉಳಿಸ್ದೆ ಕಣೋ ರಜಬ್. ಈ ಬೆರಳು ಸತ್ತು ಎಷ್ಟು ಕಾಲ ಆಯ್ತೋ. ಡೋಲು ಎಳೀತಾ ಹೋಯ್ತು. ನೀನು ಒಂದಿನಾನೂ ನನ್ನ ಕಡೆ ಮುಖ ಎತ್ಲಿಲ್ಲ. ನನಗೋಸ್ಕರ ನಿನ್ನ ತೋಳನ್ನ ಕಟ್ಟಿ ಹಾಕ್ಕೊಂಡೆ.”

ರಜಬ್ ಹಾಸಿಗೆಯ ಅಂಚಿಗೆ ಕೂತ. ತಂದ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ.

“ಇವತ್ತು ಪೇಮಾನ್ ಬಾರಿಸ್ದನಂತಲ್ಲ. ಹೇಗಿತ್ತು? ಬಿಟ್ಟ ಕುದುರೆ ಥರ ಆಯ್ತಾ?”

ಕೋಟಿನೊಳಗೆ ಬಲಗೈ ಮರದ ಕೊರಡಾಗಿತ್ತು. “ಆಯ್ತು,” ಎಂದ ರಜಬ್. “ಚೆನ್ನಾಗಿ ಬಾರಿಸ್ತಾನೆ.”

“ಹಾಗಿದ್ರೆ ನಾನು ಹೋದ್ಮೇಲೆ ನನ್ನ ಹೆಸರಲ್ಲಿ ಸಾಮು ಮಾಡ್ತೀರಲ್ಲ, ಅವತ್ತು ಪೂರ್ತಿ ಓಟದಲ್ಲಿ ತಿರುಗ್ಸು. ನಾನು ತಡೆದಿದ್ದೆಲ್ಲ ಅವತ್ತು ತೀರ್ಲಿ.”

ಆಗಲಿ ಎಂದು ರಜಬ್ ಮಾತು ಕೊಟ್ಟ.

ನೌರೋಜಿನ ಹೊಸವರ್ಷಕ್ಕೆ ಮೊದಲೇ ಸೈಫುಲ್ಲಾ ತೀರಿಕೊಂಡ. ಅವನ ಹೆಸರಿನ ಸಾಮಿನ ದಿನ ಕೋಕಬ್ ಎಣ್ಣೆ ತಿಕ್ಕುತ್ತ ಗೋಗರೆದಳು. “ಸತ್ತೋರಿಗೆ ಡೋಲು ಕೇಳ್ಸಲ್ಲ. ನಿಧಾನಕ್ಕೆ ಬಾರ್ಸು ಅಂತ ಆ ಹುಡುಗನಿಗೆ ಒಂದು ಮಾತು ಹೇಳಿ.” ಪೇಮಾನ್ ಕೂಡ ಬಾಗಿಲಲ್ಲೇ ಕಾದಿದ್ದು, ಹೇಗೆ ಬಾರಿಸಲಿ ಎಂದು ಮೆಲ್ಲಗೆ ಕೇಳಿದ. ನಿಮ್ಮ ಮಾವ ಹೇಳಿದ ಹಾಗೆ, ಪೂರ್ತಿ ಓಟದಲ್ಲಿ ಎಂದು ರಜಬ್ ಕಣಕ್ಕೆ ಇಳಿದ. ಗಂಟೆ ಮೊಳಗಿತು.

ಗದೆಗಳು ಭುಜಕ್ಕೇರಿದವು. ಡೋಲು ಓಡಿತು, ಅವನೂ ಓಡಿದ. ಎಲ್ಲರೂ ಉಸಿರು ಹಿಡಿದು ನೋಡುತ್ತಿದ್ದಂತೆ ಅವನು ಕಟ್ಟೆಯತ್ತ ಮುಖ ಎತ್ತಿದ. ಈ ಸಲ ಅರ್ಥ ತಿಳಿದೇ ಎತ್ತಿದ. ಪೇಮಾನ್ ಅಳುತ್ತ ಕೈ ಜೋರು ಮಾಡಿದ. ಭುಜದೊಳಗೆ ಏನೋ ಹರಿದದ್ದು ಪಕ್ಕದವನಿಗೂ ಕೇಳಿಸಿತು. ಬಲಗೈಯ ಗದೆ ಬಿತ್ತು. ಹಾಡು ಮುಗಿಯುವವರೆಗೆ ರಜಬ್ ಎಡಗೈಯೊಂದನ್ನೇ ತಿರುಗಿಸಿದ. ಆಮೇಲೆ ಕಣದ ನೆಲ ಮುಟ್ಟಿ ಆ ಬೆರಳಿಗೆ ಮುತ್ತಿಟ್ಟು, ತಾನಾಗಿಯೇ ಅಂಚಿಗೆ ಸರಿದು ನಿಂತ.

ಆ ಭುಜ ಮತ್ತೆ ಕೂಡಲಿಲ್ಲ. ಈಗಲೂ ನಮಾಜು ಮುಗಿಸಿ ರಜಬ್ ಗೋಡೆಗೆ ಎದುರಾಗಿ ನಿಲ್ಲುತ್ತಾನೆ. ಎಡಗೈ ಬೆರಳು ಮೇಲೆ ಹತ್ತುತ್ತವೆ, ಬಲಗೈ ಜೋತು ಬಿದ್ದಿರುತ್ತದೆ. ಕೋಕಬ್ ಎಣ್ಣೆ ಬಿಸಿ ಮಾಡಿ ತಂದು ಆ ಸತ್ತ ತೋಳಿಗೆ ತಿಕ್ಕುತ್ತಾಳೆ. ಕತ್ತೆ ಎಂದು ಅವಳು ಈಗ ಬೈಯುವುದಿಲ್ಲ. ಬೈಯಲಿ ಎಂದು ಅವನು ದಿನಾ ಕಾಯುತ್ತಾನೆ.