ಬೇಡ ಅಂದವರು ಯಾರು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನಮ್ಮ ಬಂಧುಬಳಗವೆಲ್ಲ ಹೇಳುತ್ತದೆ. ಹೇಳಲಿ. ಆ ಸಿಟ್ಟು ಇಲ್ಲದಿದ್ದರೆ ನಾನು ಕೊನೆಯವರೆಗೂ ಬೇರೆಯವರ ಹೆಸರಿನ ಕೆಲಸ ಮಾಡಿಕೊಂಡು, ಅದಕ್ಕೆ ತಾಳ್ಮೆ ಎಂದು ಹೆಸರಿಟ್ಟುಕೊಂಡು ಇದ್ದುಬಿಡುತ್ತಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ನನಗೆ ಮೊದಲ ಸಲ ಮುಖ್ಯೋಪಾಧ್ಯಾಯಿನಿಯ ಬಡ್ತಿ ಬಂತು. ಆಗ ಸವದತ್ತಿಯಲ್ಲಿ ನಮ್ಮ ಮನೆ, ಹೂಲಿಯಲ್ಲಿ ನನ್ನ ಪ್ರಾಥಮಿಕ ಶಾಲೆ, ದಿನಾ ಬಸ್ಸಿನಲ್ಲಿ ಓಡಾಟ. ಬಡ್ತಿ ಎಂದರೆ ಬೇರೆ ಊರು. ಗಂಡಸರಿಗೆ ಬಡ್ತಿ ಬಂದರೆ ಚೀಲ ತುಂಬಿಕೊಂಡು ಹೊರಡುತ್ತಿದ್ದರು. ಹೆಂಗಸರಿಗೆ ಬಂದರೆ ಮನೆ ನೋಡುವವರು ಯಾರು ಎಂಬ ಪ್ರಶ್ನೆ ಏಳುತ್ತಿತ್ತು. ಹಾಗಾಗಿ ನಮ್ಮ ಕಡೆ ಒಂದು ಪದ್ಧತಿಯೇ ಆಗಿಹೋಗಿತ್ತು: ಬಂದ ಬಡ್ತಿಯನ್ನು ಬೇಡ ಎನ್ನುವುದು. ಆ ಬೇಡ ಎನ್ನುವ ಕೆಲಸ ಕೂಡ ನಮ್ಮದಲ್ಲ. ಗಂಡನೋ ಅಣ್ಣನೋ ಕಚೇರಿಗೆ ಜೊತೆಗೆ ಬಂದು ಸಾಹೇಬರ ಮುಂದೆ ಹೇಳಿಬಿಡುತ್ತಿದ್ದರು. ನಾವು ಪಕ್ಕದಲ್ಲಿ ಸೆರಗು ಸರಿಮಾಡಿಕೊಳ್ಳುತ್ತ ನಿಂತರೆ ಸಾಕಿತ್ತು.

"ನಾ ಏನ ಬ್ಯಾಡ ಅನ್ನೂದಿಲ್ಲ. ಆದ್ರ ಅವ್ವ ಒಪ್ಪೂದಿಲ್ಲ," ಎಂದರು ನನ್ನ ಗಂಡ. ಸವದತ್ತಿ ಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವರು, ದನಿ ಏರಿಸಿ ಮಾತಾಡಿ ಗೊತ್ತಿಲ್ಲದ ಮನುಷ್ಯ. "ಆಕಿ ಮೊಣಕಾಲ ಬ್ಯಾನಿ ನಿನಗ ಗೊತ್ತೈತಿಲ್ಲ?"

ಗೊತ್ತಿತ್ತು. ಅತ್ತೆಯನ್ನು ನೇರವಾಗಿ ಕೇಳುವ ರೂಢಿ ಮಾತ್ರ ನಮ್ಮ ಮನೆಯಲ್ಲಿ ಇರಲಿಲ್ಲ. ಉಪ್ಪು ಖಾರದ ಮಾತು ಅತ್ತೆ ಸೊಸೆ ಆಡಬಹುದು. ಹೋಗುವ, ಬಿಡುವ ಮಾತೆಲ್ಲ ಮಗನ ಮೂಲಕವೇ ಹೋಗಬೇಕು, ಉತ್ತರವೂ ಮಗನ ಮೂಲಕವೇ ಬರಬೇಕು. ನನ್ನ ಗಂಡ ಕಚೇರಿಗೆ ಬಂದು ಬೇಡ ಎಂದರು. ಸಾಹೇಬರು ಬರೆದುಕೊಂಡರು. ಹೊರಗೆ ಬಂದು ಇಬ್ಬರೂ ಚಹಾ ಕುಡಿದೆವು.

ಮುಂದೆ ನನಗಿಂತ ಕಿರಿಯರೊಬ್ಬರು ನಮ್ಮ ಶಾಲೆಗೇ ಮುಖ್ಯ ಗುರುಗಳಾಗಿ ಬಂದರು. "ಅಕ್ಕೋರ, ಟೈಮ್‌ಟೇಬಲ್ ನೀವ ಹಾಕ್ರಿ, ನಿಮಗ ಛಲೋ ಬರತೈತಿ," ಎನ್ನುವರು. ಜಗಳಕ್ಕೆ ಬಂದ ತಂದೆತಾಯಿಗಳನ್ನು ನನ್ನ ಕಡೆ ಕಳಿಸುವರು. ತಪಾಸಣೆಗೆ ಮೇಲಿನವರು ಬರುತ್ತಾರೆ ಎಂದರೆ ವಾರವಿಡೀ ನಾನು ದುಡಿಯಬೇಕು, ಆ ದಿನ ಹಾರ ಅವರ ಕೊರಳಿಗೆ. ಊರವರು "ಗುರುಗಳು ಸಾಲಿ ಭಾಳ ಛಲೋ ನಡಸ್ಯಾರ" ಎಂದು ನನ್ನ ಎದುರಿಗೇ ಹೊಗಳುವಾಗ ನನ್ನ ಮೈಯೆಲ್ಲ ಉರಿಯುತ್ತಿತ್ತು. ಆ ಉರಿಯನ್ನೆಲ್ಲ ತಂದು ಮನಸ್ಸಿನಲ್ಲೇ ಅತ್ತೆಯ ತಲೆಗೆ ಕಟ್ಟುತ್ತಿದ್ದೆ. ಬೆಳಿಗ್ಗೆ ರೊಟ್ಟಿ ಬಡಿಯುವ ಸಪ್ಪಳ ಓಣಿಗೆಲ್ಲ ಕೇಳುತ್ತಿತ್ತು. "ಹಗೂರಕ ಬಡಿಯವಾ, ಹರೀತೈತಿ," ಎಂದು ಒಲೆಯ ಮುಂದೆ ಕೂತ ಅತ್ತೆ ಅನ್ನುವರು. ನಾನು ಇನ್ನೂ ಜೋರಾಗಿ ಬಡಿಯುತ್ತಿದ್ದೆ.

ಎರಡು ಸಾವಿರ ಇಸವಿ ದಾಟಿದ ಮೇಲೆ ಸವದತ್ತಿಯಲ್ಲಿ ಶಿಕ್ಷಕರಿಗೊಂದು ತರಬೇತಿ ನಡೆಯಿತು. ದೊಡ್ಡ ಊರಿನಿಂದ ಬಂದ ಭಾಷಣಕಾರರು ನಮ್ಮನ್ನೆಲ್ಲ ಕಣ್ಣು ಮುಚ್ಚಿಕೊಳ್ಳಲು ಹೇಳಿದರು. "ನಿಮ್ಮ ವೃತ್ತಿಯಲ್ಲಿ ನೀವು ಮೇಲೆ ಬರದಂತೆ ತಡೆದವರು ಯಾರು? ಒಳಗೆ ನೋಡಿಕೊಳ್ಳಿ." ನಾವು ನೋಡಿಕೊಳ್ಳುವಷ್ಟರಲ್ಲಿ ಅವರೇ ಉತ್ತರ ಕೊಟ್ಟರು. "ನೀವೇ! ಹೊರಗೆ ಯಾರೂ ಇಲ್ಲ. ನಿಮಗೆ ನೀವೇ ನಾಯಕರು." ಚಪ್ಪಾಳೆ ಬಿತ್ತು.

ಮಧ್ಯಾಹ್ನ ಊಟಕ್ಕೆ ಗಂಡಸರೆಲ್ಲ ಸಾಲಾಗಿ ಕುಳಿತರು. "ಅಕ್ಕೋರ, ನೀವೊಂದೀಟ ಬಡಸ್ರೆಲಾ," ಎಂದು ವ್ಯವಸ್ಥೆ ನೋಡುವವರು ಕರೆದರು. ತರಬೇತಿಗೆ ಬಂದಿದ್ದ ನಾವು ಹೆಂಗಸರು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಡಿಸಿದೆವು. ನನ್ನ ಕೈಗೆ ಸಾರಿನ ಬಕೆಟ್ಟು ಬಂತು. ನಿಮಗೆ ನೀವೇ ನಾಯಕರು ಎಂದ ಆ ಮಹಾಶಯರು ಎದ್ದು ತಮಗೆ ತಾವೇ ಸಾರು ಹಾಕಿಕೊಳ್ಳಲಾರದೆ ನನ್ನ ಮುಂದೆ ಬಟ್ಟಲು ಒಡ್ಡಿದರು. ಸೌಟು ತುಂಬ ಸಾರು ಸುರಿದೆ. ಹೊರಗೆ ಯಾರೂ ಇಲ್ಲವಂತೆ! ಸಾಲುಸಾಲಾಗಿ ಕೂತು ಅನ್ನ ಕಲೆಸುತ್ತಿದ್ದರಲ್ಲ, ಅವರೆಲ್ಲ ಯಾರು?

ಅವರ ಮೇಲಿನ ಸಿಟ್ಟು ಬಹಳ ದಿನ ಇತ್ತು. ಆದರೆ ಅವರ ಪ್ರಶ್ನೆ ಹೂಲಿಯ ಬಸ್ಸಿನಲ್ಲಿ ದಿನಾ ನನ್ನ ಪಕ್ಕ ಬಂದು ಕೂರತೊಡಗಿತು. ಅಡ್ಡ ನಿಂತವರು ಹೊರಗೆ ಬೇಕಾದಷ್ಟು ಮಂದಿ ಇದ್ದರು, ಅದು ನಿಜ. ಆದರೂ ಕಚೇರಿಯ ಆ ದಿನವನ್ನು ಮತ್ತೆ ಮತ್ತೆ ನೆನೆಸಿಕೊಂಡಾಗ ಒಂದು ಕಂಡಿತು. ಬೇಡ ಎಂದದ್ದು ನನ್ನ ಬಾಯಿ ಅಲ್ಲ. ಬೇಕು ಎಂದು ಕೂಡ ಅದು ಎಲ್ಲಿಯೂ ಹೇಳಿರಲಿಲ್ಲ, ಒಬ್ಬಳೇ ಇದ್ದಾಗಲೂ ಹೇಳಿರಲಿಲ್ಲ. ಆಮೇಲಿಂದ ಸಂಜೆ ಬಸ್ಸು ಹತ್ತಿ ಕೂತ ಕೂಡಲೇ ನನ್ನನ್ನು ನಾನೇ ವಿಚಾರಿಸಿಕೊಳ್ಳುತ್ತಿದ್ದೆ. ಇವತ್ತು ಮಾಡಿದ್ದರಲ್ಲಿ ನನ್ನ ಕೆಲಸ ಯಾವುದು? ಇನ್ನೊಬ್ಬರ ಹೆಸರಿಗೆ ಮಾಡಿದ್ದು ಯಾವುದು? ಯಾವುದನ್ನು ನಾನೇ ತೀರ್ಮಾನ ಮಾಡಿದೆ? ಉತ್ತರಗಳು ನಾಚಿಕೆಗೇಡಿನವಾಗಿದ್ದವು. ಮುಂದಿನ ಜೂನ್‌ನಲ್ಲಿ ಟೈಮ್‌ಟೇಬಲ್ಲಿನ ಹಾಳೆ ನನ್ನ ಮುಂದೆ ಬಂದಾಗ "ಇದು ನಿಮ್ಮ ಕೆಲಸರಿ ಸರ್" ಎಂದು ಹಿಂದಕ್ಕೆ ತಳ್ಳಿದೆ. ಮುಖ್ಯ ಗುರುಗಳು ನನ್ನ ಜೊತೆ ಮಾತು ಬಿಟ್ಟರು. ಬಿಡಲಿ ಎಂದುಕೊಂಡೆ.

ಕೆಲವು ವರ್ಷಗಳ ಮೇಲೆ ಎರಡನೆಯ ಸಲ ಬಡ್ತಿ ಬಂತು. ಇದನ್ನೂ ಬಿಟ್ಟರೆ ಮತ್ತೆ ಬರುವ ಹೊತ್ತಿಗೆ ನಿವೃತ್ತಿಯೇ ಬಂದಿರುತ್ತಿತ್ತು. ಗಂಡ ಮತ್ತೆ ಅದೇ ಮೆತ್ತಗಿನ ದನಿಯಲ್ಲಿ "ಅವ್ವ ಒಪ್ಪೂದಿಲ್ಲ" ಎಂದರು. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ಈ ಸಲ ಬೆಳಗಾವಿಯಲ್ಲಿ ಎಲ್ಲರನ್ನೂ ಒಂದು ಸಭಾಂಗಣದಲ್ಲಿ ಕೂರಿಸಿ, ಒಬ್ಬೊಬ್ಬರನ್ನೇ ಕರೆದು, ಊರು ಆರಿಸಿಕೊಳ್ಳಲು ಹೇಳುತ್ತಿದ್ದರು. ನನ್ನ ಮುಂದಿದ್ದ ಹೆಂಗಸರ ಗಂಡಂದಿರು ಒಬ್ಬರಾದ ಮೇಲೊಬ್ಬರು "ಬ್ಯಾಡ್ರಿ ಸರ್" ಎಂದು ಹೇಳಿ ಹೋದರು. ನನ್ನ ಸರದಿ ಬಂತು.

"ಬ್ಯಾಡ್ರಿ ಸರ್, ಮನ್ಯಾಗ ಅಡಚಣಿ ಐತ್ರಿ," ಎಂದರು ನನ್ನ ಗಂಡ. ಸಾಹೇಬರು ಬರೆಯಲು ತಲೆ ಬಗ್ಗಿಸಿದರು.

"ಬೇಕ್ರಿ," ಎಂದೆ. ನಾನಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು.

ಸಾಹೇಬರು ತಲೆಯೆತ್ತಿದರು. ನೋಡಿದ್ದು ನನ್ನನ್ನಲ್ಲ. "ಏನ್ರಿ ಯಜಮಾನ್ರ, ಏನಂತ ಬರಕೊಳ್ಳಲಿ?"

ತಡೆದುಕೊಳ್ಳಲಾಗಲಿಲ್ಲ. "ಯಜಮಾನ್ರಿಗೆ ಬಡತಿ ಬಂದಿಲ್ರಿ ಸರ್. ನನಗ ಬಂದೈತಿ. ನನ್ನ ಕೇಳ್ರಿ."

ಹಿಂದೆ ಯಾರೋ ಲೊಚಗುಟ್ಟಿದರು. ಹತ್ತಿರದ ಊರುಗಳೆಲ್ಲ ಮುಗಿದಿದ್ದವು. ಕಟಕೋಳದವರೆಗೆ ಬಸ್ಸು, ಅಲ್ಲಿಂದ ಟಂಟಂ ಆಟೋ ಹಿಡಿದು ಹೋಗಬೇಕಾದ ಒಂದು ಹಳ್ಳಿ ಉಳಿದಿತ್ತು. ಅದನ್ನೇ ಬರೆಸಿದೆ.

ವಾಪಸ್ ಬರುವಾಗ ಬಸ್ಸು ಬೈಲಹೊಂಗಲ ದಾಟಿತು. ಗಂಡ "ಎಲ್ಲಾರ ಮುಂದ ನನ್ನ ಮರ್ಯಾದಿ ಕಳದಿ" ಎಂದರು.

"ನಾ ಬಾಯಿ ಮುಚ್ಚಿದ್ರ ಅಷ್ಟ ಉಳಿಯೂ ಮರ್ಯಾದಿ ಏನ್ರಿ ಅದು?"

"ಆತು ಬಿಡ. ಅವ್ವಗ ನಾನ ಹ್ಯಾಂಗರ ಮಾಡಿ ಹೇಳತೇನಿ."

"ನೀವ ಏನೂ ಹೇಳಬ್ಯಾಡ್ರಿ. ನಾನ ಹೇಳತೇನಿ."

ಅತ್ತೆ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತ ಕುಳಿತಿದ್ದರು. ದಾರಿಯುದ್ದಕ್ಕೂ ಜಗಳಕ್ಕೆ ತಯಾರಾಗಿ ಬಂದಿದ್ದ ನಾನು ಚೀಲವನ್ನೂ ಇಳಿಸದೆ ಎದುರು ನಿಂತೆ.

"ಅತ್ತಿ, ನನಗ ಬಡತಿ ಬಂದೈತ್ರಿ. ಕಟಕೋಳದ ಆಚಿಕ್ಕಿನ ಹಳ್ಳಿಗೆ ಹೋಗತೇನ್ರಿ. ಮೊದಲನೇ ಸಲ ಬಂದಾಗ ನೀವು ಒಲ್ಲೆ ಅಂದ್ರಿ, ಬಿಟ್ಟೆ. ಈ ಸಲ ಬಿಡೂದಿಲ್ರಿ."

ಅತ್ತೆ ಮೊರ ಕೆಳಗಿಟ್ಟರು. "ಮೊದಲನೇ ಸಲ? ಯಾವಾಗ ಬಂದಿತ್ತು?"

ಚೀಲ ಕೆಳಗಿಳಿಸಿದೆ. ಅತ್ತೆ ನನ್ನ ಮುಖ ನೋಡಿದರು, ಆಮೇಲೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಮಗನನ್ನು ನೋಡಿದರು.

"ನಾ ಒಲ್ಲೆ ಅಂದೇನಿ ಅಂತ ನೀ ಹೇಳಿದ್ಯೇನು?"

"ನಿನ್ನ ಮೊಣಕಾಲ ಬ್ಯಾನಿ ನೋಡಿ, ಅವ್ವಾ..."

"ಬ್ಯಾನಿ ಮೊಣಕಾಲಿಗೆ ಐತಿ, ಬಾಯಿಗೆ ಬಂದಿಲ್ಲ. ನನ್ನ ಒಂದ ಮಾತ ಕೇಳಬೇಕಿತ್ತಿಲ್ಲ?" ಎಂದರು ಅತ್ತೆ. ಅಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತು ನಾನು ಆಕೆಯನ್ನು ಮನಸ್ಸಿನಲ್ಲಿ ಬೈದಿದ್ದೆ. ನನಗೆ ಬಡ್ತಿ ತಪ್ಪಿತ್ತು. ಆಕೆಗೆ ಹೋಗವ್ವಾ ಎನ್ನುವ ಅವಕಾಶ ತಪ್ಪಿತ್ತು. ಇಬ್ಬರ ಬಾಯಿಯನ್ನೂ ಒಬ್ಬನೇ ಮನುಷ್ಯ ಇಟ್ಟುಕೊಂಡು, ದನಿ ಕೂಡ ಏರಿಸದೆ, ಮನೆ ನಡೆಸಿದ್ದ. ನನ್ನ ಗಂಡನನ್ನು ನಾನು ಮನಸ್ಸಿನಲ್ಲಾದರೂ ಏಕವಚನದಲ್ಲಿ ಬೈದದ್ದು ಅದೇ ಮೊದಲು.

"ಅಂಗಡಿ ಕಡೆ ಹೋಗಿ ಬರತೇನಿ," ಎಂದು ಅವರು ಚಪ್ಪಲಿಗೆ ಮತ್ತೆ ಕಾಲು ಹಾಕಿದರು.

"ಎಲ್ಲೂ ಹೋಗಬ್ಯಾಡ, ಕುಂದ್ರ," ಎಂದರು ಅತ್ತೆ, ಪಕ್ಕಕ್ಕೆ ಸರಿದು ನನಗೂ ಜಾಗ ಮಾಡಿಕೊಡುತ್ತ. "ಇಷ್ಟ ದಿನ ನಮ್ಮಿಬ್ರ ಮಾತೂ ನೀನ ಆಡೀದಿ. ಇವತ್ತ ನಾವು ಆಡತೇವಿ, ನೀ ಕೇಳ."