ಆಟದೊಳಗಿನ ಬೆಕ್ಕು

ಮಾರಿವೆಲ್ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ವಿಶ್ವವಿದ್ಯಾಲಯದ ಪತ್ರಿಕೆಯ ಹುಡುಗಿ ಕೇಳಿದಾಗ, ಬೇರೆ ಯಾರನ್ನಾದರೂ ನೋಡಮ್ಮ ಎಂದೆ. ಅವಳನ್ನು ಹೊಗಳುವವರಿಗೆ ಇಲ್ಲಿ ಬರವಿಲ್ಲ. ನನಗೆ ಅವಳ ಮೇಲಿರುವುದು ಶುದ್ಧ ಹೊಟ್ಟೆಕಿಚ್ಚು.

"ಹಾಗಾದ್ರೆ ಅದನ್ನೇ ಬರೀರಿ, ಸೆನ್ಯೋ ಕೂಯಾ," ಎಂದಳು. ನನ್ನ ಹೆಸರು ಸೆನ್ಯೋ, ಕ್ಯಾಂಪಸ್ಸಿನ ಮಕ್ಕಳಿಗೆಲ್ಲ ಕೂಯಾ, ಅಂದರೆ ದೊಡ್ಡಣ್ಣ.

ಬತಾಂಗಸ್ ಊರಿನ ಈ ಕ್ಯಾಂಪಸ್ಸಿನಲ್ಲಿ ಆಟದ ಸಾಮಾನಿನ ಕೋಣೆ ಇಪ್ಪತ್ತೆರಡು ವರ್ಷದಿಂದ ನನ್ನ ಕೈಯಲ್ಲಿದೆ. ಚೆಂಡಿಗೆ ಗಾಳಿ ತುಂಬುತ್ತೇನೆ, ಹರಿದ ಬಲೆ ಹೊಲಿಯುತ್ತೇನೆ. ನನ್ನ ಎಡಗಾಲು ಹುಟ್ಟಿನಿಂದಲೇ ಸೊಟ್ಟ. ಆದರೂ ಪ್ರತಿ ವರ್ಷ ಕ್ರೀಡಾವಾರದಲ್ಲಿ ಪಾತಿಂತೆರೊ ಆಡುವಾಗ ಎಂಜಿನಿಯರಿಂಗ್ ಹುಡುಗರು ನನ್ನನ್ನು ತಮ್ಮ ತಂಡಕ್ಕೆ ಎಳೆದುಕೊಳ್ಳುತ್ತಾರೆ. ಮಣ್ಣಿನ ಮೇಲೆ ನೀರು ಸುರಿದು ಗೆರೆ ಎಳೆಯುತ್ತೇವೆ. ಗೆರೆಗೊಬ್ಬ ಕಾವಲು. ಅವರ ಕೈಗೆ ಸಿಗದೆ ಕೊನೆಯವರೆಗೆ ದಾಟಿ ವಾಪಸ್ ಬಂದರೆ ಅಂಕ. ಒಬ್ಬನನ್ನು ಮುಟ್ಟಿದರೂ ಇಡೀ ತಂಡದ ಸರದಿ ಹೋದಂತೆ.

ನನ್ನನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ನಾನು ಸಾಲಿಂಗ್‌ಪೂಸಾ, ಅಂದರೆ ಆಟದೊಳಗೆ ಬಂದು ಸೇರಿದ ಬೆಕ್ಕು. ಅಳುವ ಚಿಕ್ಕ ಮಕ್ಕಳನ್ನು ನಮ್ಮಲ್ಲಿ ಹೀಗೆ ಸೇರಿಸಿಕೊಳ್ಳುತ್ತಾರೆ. ಓಡಲಿ ಬಿಡು, ಔಟೂ ಇಲ್ಲ, ಅಂಕವೂ ಇಲ್ಲ. ನಾನು ಕುಂಟುತ್ತ ದಾಟಿದಾಗಲೆಲ್ಲ ಚಪ್ಪಾಳೆ. ಹಲ್ಲು ಕಿರಿದು ಕೈ ಬೀಸುತ್ತಿದ್ದೆ.

ಮಾರಿವೆಲ್ ಕಾತಿಗ್ಬಾಕ್ ಹೋದ ವರ್ಷ ಗಣಿತ ಓದಲು ಬಂದಳು. ಅಪ್ಪ ಟ್ರೈಸಿಕಲ್ ರಿಪೇರಿಯವನು. ಮಗಳ ಗಾಲಿಕುರ್ಚಿಗೆ ಸೈಕಲ್ ಚಕ್ರ ಹಾಕಿಕೊಟ್ಟಿದ್ದ. ಎಲ್ಲ ವಿಭಾಗದವರೂ ಬೆರೆತು ಆಡುವ ಆಟದ ಕ್ಲಾಸಿನಲ್ಲಿ ಕೋಚ್ ಬೆಲೆನ್ ಮೇಡಂ ಅವಳ ಕೈಗೆ ಅಂಕ ಬರೆಯುವ ಹಲಗೆ ಕೊಟ್ಟರು. ಅವಳು ಅದನ್ನು ತಂದು ನನ್ನ ಕಿಟಕಿಯಲ್ಲಿಟ್ಟು ಸೀದಾ ಮೈದಾನಕ್ಕಿಳಿದಳು.

"ಸರಿ, ನೀನು ಸಾಲಿಂಗ್‌ಪೂಸಾ," ಎಂದ ಎಂಜಿನಿಯರಿಂಗ್‌ನ ಜೊಮಾರ್.

"ಬೆಕ್ಕು ನಿಮ್ಮಜ್ಜಿ! ನನ್ನನ್ನೂ ಲೆಕ್ಕಕ್ಕೆ ತಗೊಳ್ರೋ."

"ಕುರ್ಚಿ ಮುಟ್ಟಿದ್ರೂ ಔಟಾ?"

"ಕುರ್ಚೀನೂ ನಾನೇ ಕಣೋ. ಗೆರೆ ಮಧ್ಯೆ ಇನ್ನೊಂದು ಮೊಳ ಜಾಗ ಬಿಡಿ, ತಿರುಗಿಸ್ಬೇಕು. ಎಲ್ಲರಿಗೂ ಅಷ್ಟೇ ಜಾಗ."

ಜಾಗ ಬಿಟ್ಟರು. ಎರಡನೇ ಗೆರೆಯಲ್ಲೇ ಸಿಕ್ಕಿಬಿದ್ದಳು. ಜೊಮಾರ್ ತಲೆ ಚಚ್ಚಿಕೊಂಡ. "ಕಣ್ಣು ಎಲ್ಲಿಟ್ಟಿದ್ದೆ ಮಾರಾಯ್ತಿ? ನಿನ್ನಿಂದ ನಮ್ಮ ಸರದೀನೇ ಹೋಯ್ತು!"

"ನೀನೇನು ಕಡಿದು ಕಟ್ಟೆ ಹಾಕಿದ್ದು? ಬಲಕ್ಕೆ ಬಾ ಅಂದೋನು ನೀನೇ!"

ಕಿಟಕಿಯಲ್ಲಿ ನಿಂತಿದ್ದ ನನಗೆ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಆ ಬೈಗುಳ ಕೇಳಿ, ಬೇರೇನಕ್ಕೂ ಅಲ್ಲ. ಇಷ್ಟು ವರ್ಷದಲ್ಲಿ ಒಬ್ಬನಾದರೂ ನನ್ನನ್ನು ಹಾಗೆ ಬೈದಿದ್ದನೇ? ಅವಳು ಕೇಳಿದ್ದನ್ನು ನಾನೂ ಕೇಳಬಹುದಿತ್ತು. ಕೇಳಲಿಲ್ಲ. ಚಪ್ಪಾಳೆ ಕೈತಪ್ಪಿದರೆ ಎಂಬ ಭಯ. ಆ ಸಿಟ್ಟನ್ನೆಲ್ಲ ಅವಳ ಮೇಲೆ ತೀರಿಸಿಕೊಂಡೆ. ಚಕ್ರಕ್ಕೆ ಗಾಳಿ ಬೇಕೆಂದು ಬಂದರೆ ಪಂಪು ಕೆಟ್ಟಿದೆ ಎಂದು ಒಂದು ವಾರ ಸುಳ್ಳು ಹೇಳಿದೆ. ಈಗ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಕ್ರೀಡಾವಾರದಲ್ಲಿ ವಿಜ್ಞಾನದವರಿಗೂ ನಮ್ಮ ಎಂಜಿನಿಯರಿಂಗ್‌ನವರಿಗೂ ಕೊನೆಯ ಪಂದ್ಯ. ಅಂಕ ಸಮಸಮ, ಮುಂದಿನ ಅಂಕ ಹೊಡೆದವರದೇ ಗೆಲುವು, ಸರದಿ ನಮ್ಮದು. ಜೊಮಾರ್ ಎಲ್ಲ ದಾಟಿ ವಾಪಸ್ ಬರುತ್ತಿದ್ದ, ಇನ್ನೆರಡೇ ಹೆಜ್ಜೆ. ನಾನು ಎಂದಿನಂತೆ ಆರಾಮವಾಗಿ ಎಡಕ್ಕೆ ಹೊರಳಿದೆ. ವಿಜ್ಞಾನದವರ ಪರವಾಗಿ ಆ ಗೆರೆಯ ಕಾವಲಿಗೆ ಮಾರಿವೆಲ್ ಇದ್ದಳು. ಚಕ್ರ ಗಿರ್ರೆಂದಿತು, ಬೆನ್ನಿಗೆ ಪಟ್ಟೆಂದು ಅಂಗೈ ಬಿತ್ತು.

"ಔಟ್!"

"ಏಯ್, ಅದು ಕೂಯಾ ಕಣೇ!" ಜೊಮಾರ್ ಕಿರುಚಿದ. "ಅವ್ರು ಲೆಕ್ಕಕ್ಕಿಲ್ಲ!"

"ಯಾರು ಹಾಗಂದಿದ್ದು? ಅವರ ಬಾಯಲ್ಲೇ ಹೇಳಿಸು."

ಬೆಲೆನ್ ಮೇಡಂ ಸೀಟಿ ಬಾಯಿಂದ ತೆಗೆದು ನನ್ನತ್ತ ನೋಡಿದರು. ಒಂದು ಸಲ ಹಲ್ಲು ಕಿರಿದಿದ್ದರೆ ಸಾಕಿತ್ತು, ಹುಡುಗರು ಗೆದ್ದುಬಿಡುತ್ತಿದ್ದರು.

"ಲೆಕ್ಕಕ್ಕಿದ್ದೀನಿ ಮೇಡಂ," ಎಂದೆ. "ಔಟು."

ಮೇಡಂ ಸೀಟಿ ಊದಿದರು. ವಿಜ್ಞಾನದವರು ಸರದಿ ತೆಗೆದುಕೊಂಡು ಅಂಕ ಹೊಡೆದು ಗೆದ್ದರು. ಜೊಮಾರ್ ನನ್ನ ಮುಂದೆ ಬಂದು ನಿಂತ, ಮುಖ ಕೆಂಪಗೆ. "ಎಡಕ್ಕೆ ಯಾಕೆ ಹೋಗಿ ಸತ್ರಿ ಕೂಯಾ? ನೋಡ್ಕೊಂಡು ಓಡೋಕಾಗಲ್ವಾ? ಕೈಗೆ ಬಂದಿದ್ದನ್ನ ಹಾಳು ಮಾಡಿದ್ರಲ್ಲ!"

ಜನ್ಮದಲ್ಲಿ ಮೊದಲ ಬಾರಿಗೆ ನನ್ನಿಂದ ಒಂದು ತಂಡ ಸೋತಿತ್ತು. ಅವಳಿಗೆ ಈ ಬೈಗುಳ ಹತ್ತೊಂಬತ್ತನೇ ವಯಸ್ಸಿಗೇ ಸಿಕ್ಕಿತು, ನನಗೆ ನಲವತ್ತೇಳಕ್ಕೆ. ಅದೊಂದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.