ಭಾವನಿಗೆ ನಾನು ಕೊಟ್ಟ ಮಾತ್ರೆ

ಕಾರ್ಕಳದ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಾನು ನಿಲ್ಲಲು ತೊಡಗಿ ಹತ್ತೊಂಬತ್ತು ವರ್ಷವಾಯಿತು. ಓದಿದ್ದು ಪಿಯುಸಿಯವರೆಗೆ, ಆದರೂ ಅರ್ಧ ಊರಿಗೆ ನಾನೇ ಡಾಕ್ಟರು. ಆ ಜಂಬವೂ ನನಗಿತ್ತು. ಅಕ್ಕನ ಗಂಡ, ಕಾಪುವಿನಲ್ಲಿ ರಿಕ್ಷಾ ಓಡಿಸುತ್ತಿದ್ದ ಭಾವ, ಕೆಮ್ಮು ಬಂದಾಗಲೆಲ್ಲ ಫೋನು ಮಾಡುತ್ತಿದ್ದರು. "ಎರಡು ದಿನದ್ದು ಸಾಕು ಮಾರಾಯ, ಡಾಕ್ಟರ ಹತ್ತಿರ ಕೂತರೆ ಅರ್ಧ ದಿನ ಹೋಯಿತು." ನಾನು ಆ್ಯಂಟಿಬಯೋಟಿಕ್ ಸ್ಟ್ರಿಪ್ಪು ಕತ್ತರಿಸಿ ನಾಲ್ಕು ಮಾತ್ರೆಯನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳುಹಿಸುತ್ತಿದ್ದೆ. ಕೆಮ್ಮು ತಗ್ಗಿದರೆ ಉಳಿದ ಮಾತ್ರೆ ಮುಂದಿನ ಕೆಮ್ಮಿಗೆ.

ಕಳೆದ ಮಳೆಗಾಲದಲ್ಲಿ ಪಡುಬಿದ್ರಿಯ ಹತ್ತಿರ ರಿಕ್ಷಾ ಮಗುಚಿ ಭಾವನ ತಲೆಗೆ ಪೆಟ್ಟಾಯಿತು. ಐಸಿಯು, ವೆಂಟಿಲೇಟರ್. ಆರನೆಯ ದಿನ ಮೆದುಳಿನ ಊತ ಇಳಿಯುತ್ತಿದೆ ಎಂದರು. ಅಕ್ಕ ಅಂದು ಹೊಟ್ಟೆ ತುಂಬ ಉಂಡಳು. ಮರುದಿನ ಜ್ವರ. ಉಸಿರಾಟದ ಕೊಳವೆಯ ದಾರಿಯಲ್ಲಿ ಸೋಂಕು ಇಳಿದು ನ್ಯುಮೋನಿಯಾ ಆಗಿದೆ ಎಂದು ಡಾಕ್ಟರು ವಿವರಿಸಿದರು. ವಯಸ್ಸು, ನಮಗೆ ಗೊತ್ತೇ ಇರದಿದ್ದ ಸಕ್ಕರೆ ಕಾಯಿಲೆ, ಮೆಷಿನಿನಲ್ಲಿ ಕಳೆದ ದಿನಗಳು, ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ ಎಂದರು. ಆಮೇಲೆ ಕೇಳಿದರು: "ಈಚೆಗೆ ಆ್ಯಂಟಿಬಯೋಟಿಕ್ ಎಂತಾದರೂ ತೆಗೊಂಡದ್ದು ಉಂಟಾ?"

ಅಕ್ಕ ನನ್ನ ಮುಖ ನೋಡಿದಳು. ಹಿಂದಿನ ತಿಂಗಳೂ ನಾನು ಕಳುಹಿಸಿದ್ದು ಅವಳಿಗೆ ಬರೀ ಕೆಮ್ಮಿನ ಮಾತ್ರೆ. ಅದರ ಜಾತಕ ಗೊತ್ತಿದ್ದದ್ದು ನನಗೊಬ್ಬನಿಗೇ. "ಇಲ್ಲ ಡಾಕ್ಟರೇ," ಎಂದೆ. ಡಾಕ್ಟರ ಚೀಟಿಯಿಲ್ಲದೆ ಕೊಟ್ಟದ್ದು ಹೊರಬಿದ್ದರೆ ಮಾನ ಹೋಗುತ್ತದಲ್ಲ! ಅಷ್ಟಕ್ಕೇ ಹೆದರಿದ ಹೇಡಿ ನಾನು.

ಅವರು ಶುರು ಮಾಡಿದ ಇಂಜೆಕ್ಷನ್ನಿಗೆ ಜ್ವರ ಇಳಿಯಲಿಲ್ಲ. ಎರಡು ದಿನ, ಆಸ್ಪತ್ರೆಗೆ ಹತ್ತಿರವೆಂದು ಪರ್ಕಳದಲ್ಲಿ ಹಿಡಿದಿದ್ದ ಬಾಡಿಗೆ ಕೋಣೆಯಲ್ಲಿ ನನಗೆ ಅನ್ನ ಸೇರಲಿಲ್ಲ. ಮೂರನೆಯ ಬೆಳಿಗ್ಗೆ, ಅಕ್ಕ ಬರುವ ಮೊದಲೇ, ಐಸಿಯು ಬಾಗಿಲಲ್ಲಿ ಡಾಕ್ಟರನ್ನು ತಡೆದು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಕಫದ ಕಲ್ಚರ್ ರಿಪೋರ್ಟ್ ಈಗಷ್ಟೇ ಬಂತು. ಮಾಮೂಲಿ ಔಷಧಿಗೆ ಬಗ್ಗುವ ಕ್ರಿಮಿ ಅಲ್ಲ ಅದು. ಮೊದಲೇ ಹೇಳಿದ್ದರೆ ಬೇರೆಯದರಿಂದ ಶುರು ಮಾಡುತ್ತಿದ್ದೆವು," ಎಂದು ಒಳಗೆ ಹೋದರು. ಔಷಧಿ ಬದಲಾಯಿತು. ಭಾವ ಮತ್ತೆ ನಾಲ್ಕೇ ದಿನ ಇದ್ದದ್ದು. ಮೊದಲೇ ಹೇಳಿದ್ದರೆ ಉಳಿಯುತ್ತಿದ್ದರೋ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಇವತ್ತಿಗೂ ಇಲ್ಲ.

ಬೊಜ್ಜದ ದಿನ, ಉತ್ತರಕ್ರಿಯೆಯ ಊಟದ ಎಲೆ ಎತ್ತಿದ ಮೇಲೆ, ಅಕ್ಕ ನೆಂಟರ ಎದುರು ನನ್ನ ಕೈ ಹಿಡಿದುಕೊಂಡಳು. "ಇವನು ಇದ್ದದ್ದರಿಂದ ನಮ್ಮವರು ಇಷ್ಟು ವರ್ಷ ಒಮ್ಮೆಯೂ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಹೀಗೆ ನೋಡಿಕೊಳ್ಳುವ ತಮ್ಮ ಬೇರೆ ಯಾರಿಗೆ ಉಂಟು?" ಎಂದಳು. ಎಲ್ಲರೂ ಹೌದೆಂದು ತಲೆಯಾಡಿಸಿದರು. ನಾನು ಕೈ ಬಿಡಿಸಿಕೊಳ್ಳಲಿಲ್ಲ.